ಪೋಷಕರ ಗಮನಕ್ಕೆ: ನೀರಿನ ಗಂಟೆ, ಹಾಲು, ಮಸ್ಸೊಪ್ಪು

ಎಲ್ಲರಿಗೂ ನಮಸ್ಕಾರ.

ಬಿಸಿಲು ಜಾಸ್ತಿಯಾಗಿದೆ. ಸೋಮವಾರದಿಂದ ಶಾಲೆಯಲ್ಲಿ ನೀರಿನ ಗಂಟೆ ಮತ್ತೆ ಶುರು. ಗಂಟೆ ಹೊಡೆದಾಗ ಪಾಠ ನಿಲ್ಲಿಸಿ ಎಲ್ಲರೂ ನೀರು ಕುಡಿಯಬೇಕು. ಕೇರಳದ ಶಾಲೆಗಳಲ್ಲಿ ಶುರುವಾದ ಈ ಪದ್ಧತಿ 2019ರಲ್ಲೇ ನಮ್ಮ ರಾಜ್ಯಕ್ಕೂ ಬಂತು. ಬಾಟಲಿಯಲ್ಲಿ ಬರೀ ನೀರು ಹಾಕಿ ಕಳಿಸಿ. ಮೊನ್ನೆ ಮೂರನೇ ತರಗತಿಯಲ್ಲಿ ಮುಚ್ಚಳ ತೆಗೆಸಿ ನೋಡಿದರೆ ಸುಮಾರು ಬಾಟಲಿಗಳಲ್ಲಿ ಕಿತ್ತಳೆ ಬಣ್ಣದ ಪುಡಿ ಕಲಸಿದ ಶರಬತ್ತು! ಅದರಿಂದ ಬಾಯಾರಿಕೆಯೂ ಹೋಗಲ್ಲ, ಹಲ್ಲಿಗೂ ಕೇಡು.

ಕ್ಷೀರಭಾಗ್ಯದ ಹಾಲು ಒಂದು ಮಗುವಿಗೆ 150 ಮಿ.ಲೀ. ಹಾಲು ಕೊಡ್ತಾರಲ್ಲ ಅಂತ ತಿಂಡಿ ತಪ್ಪಿಸಬೇಡಿ. ಒಂದು ದೋಸೆಯೋ ಸ್ವಲ್ಪ ಉಪ್ಪಿಟ್ಟೋ ತಿನ್ನಿಸಿಯೇ ಕಳಿಸಿ.

ಬಿಸಿಯೂಟದಲ್ಲಿ ಸೊಪ್ಪನ್ನು ತಟ್ಟೆಯ ಅಂಚಿಗೆ ತಳ್ಳುವ ಮಕ್ಕಳು ಬಹಳ. ನಮ್ಮ ಅಡುಗೆ ಅಕ್ಕ ಅದಕ್ಕೊಂದು ದಾರಿ ಹುಡುಕಿದ್ದಾರೆ. ಸೊಪ್ಪನ್ನು ಸಣ್ಣಗೆ ಹೆಚ್ಚಿ, ತೊಗರಿಬೇಳೆ ಜೊತೆಗೇ ಬೇಯಿಸಿ, ಚೆನ್ನಾಗಿ ಮಸೆದು ಬೆಳ್ಳುಳ್ಳಿ ಒಗ್ಗರಣೆ ಕೊಡುತ್ತಾರೆ. ಮಸ್ಸೊಪ್ಪು ಆದ ದಿನ ಆರಿಸಿ ಪಕ್ಕಕ್ಕಿಡಲು ಏನೂ ಸಿಗುವುದಿಲ್ಲ! ಮನೆಯಲ್ಲೂ ಮಾಡಿ ನೋಡಿ.

ಹುಟ್ಟುಹಬ್ಬಕ್ಕೆ ಚಾಕೊಲೇಟ್ ಬೇಡ, ಬಾಳೆಹಣ್ಣು ತನ್ನಿ. ಕುರುಕಲು ತಿಂಡಿಗೆ ದಿನಾ ಐದು ರೂಪಾಯಿ ಕೊಟ್ಟು ಕಳಿಸುವುದನ್ನೂ ನಿಲ್ಲಿಸಿ. ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಅಂಥದ್ದನ್ನು ಮಾರುವಂತಿಲ್ಲ ಅಂತ 2020ರ ಆಹಾರ ಸುರಕ್ಷತಾ ನಿಯಮವೇ ಇದೆ. ಆದರೆ ಮಕ್ಕಳ ಜೇಬಲ್ಲಿ ದುಡ್ಡಿದ್ದರೆ 51ನೇ ಮೀಟರಿಗೆ ಓಡ್ತಾರೆ, ಅಲ್ವಾ?

ಹಿತ್ತಲಲ್ಲಿ ನುಗ್ಗೆಮರ ಇರುವವರು ಗುರುವಾರ ಬೆಳಗ್ಗೆ ಒಂದು ಕಟ್ಟು ಸೊಪ್ಪು ಕಳಿಸಿದರೆ ಅವತ್ತೇ ಅಡುಗೆಗೆ ಹಾಕುತ್ತೇವೆ. ಕಳಿಸುವವರು ಬುಧವಾರ ಸಂಜೆಯೊಳಗೆ ಇಲ್ಲೇ ತಿಳಿಸಿ.