ತೋಳು ಹಿಡಿದುಕೊಂಡ ಹುಡುಗ

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಬಂತು. ಮನೆ ಸುದ್ದಿಯೆಲ್ಲ ನಿನ್ನಮ್ಮ ಹೇಳಿರುತ್ತಾಳೆ, ಅದು ಇರಲಿ. ಆಂಬುಲೆನ್ಸ್‌ನಲ್ಲಿ ಹೋದಾಗ ಕಂಡ ಆ ಕಾರು ಅಪಘಾತದ ಬಗ್ಗೆ ಕೊನೆಗೊಂದು ಮಾತು ಬರೆದಿದ್ದೀಯಲ್ಲ, "ಮಾವ, ಆ ಹುಡುಗ ನನ್ನ ತೋಳು ಹಿಡಿದುಕೊಂಡಿದ್ದ. ಬಿಡಿಸಿಕೊಂಡು ಬೇರೆಯವರ ಹತ್ತಿರ ಹೋದೆ. ಅವನಿಗೇನಾದರೂ ಆಗಿದ್ದರೆ?" ಅಂತ. ಅಷ್ಟು ಓದಿದ ಮೇಲೆ ಕಾಗದ ಮಡಚಿಟ್ಟುಬಿಟ್ಟೆ. ನಿನ್ನತ್ತೆ ಊಟಕ್ಕೆ ಕರೆದದ್ದೂ ಕೇಳಿಸಲಿಲ್ಲ.

ಅವನು ಕೂಗುತ್ತಿದ್ದ ಅಂತ ನೀನೇ ಬರೆದಿದ್ದೀಯ. ಕೂಗುವವನಿಗೆ ಉಸಿರಿದೆ ಪುಟ್ಟಿ. ನೀನು ಹೋದದ್ದು ಮುಂದಿನ ಸೀಟಿನಲ್ಲಿ ತಲೆ ವಾಲಿಸಿಕೊಂಡು ಸುಮ್ಮನಿದ್ದ ಆ ಹೆಂಗಸಿನ ಹತ್ತಿರ. ಉಸಿರು ನಿಮಿಷಕ್ಕೆ 30 ದಾಟಿದವರು, ಮಣಿಕಟ್ಟಿನಲ್ಲಿ ನಾಡಿ ಸಿಗದವರು, "ಕೈ ಎತ್ತಿ" ಅಂದರೆ ಎತ್ತಲಾಗದವರು, ಇವರಿಗೇ ಅಲ್ವಾ ಮೊದಲು ನೋಡಬೇಕಾದವರು ಅಂತ ನೀವು ಕಟ್ಟುವ ಕೆಂಪು ಪಟ್ಟಿ? ಇದೆಲ್ಲ ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಗೊತ್ತಿದ್ದರೂ ಮನಸ್ಸು ಒಪ್ಪುವುದಿಲ್ಲ, ಅದೂ ನನಗೆ ಗೊತ್ತು.

ಶಿರಾಡಿ ಘಾಟಿಯಲ್ಲಿ ಒಂದು ರಾತ್ರಿ ಲಾರಿಯ ಕ್ಯಾಬಿನ್ ಒಳಗೆ ಕ್ಲೀನರ್ ಹುಡುಗನೊಬ್ಬ ಸಿಕ್ಕಿಹಾಕಿಕೊಂಡಿದ್ದ. ಆಗ 108 ಆಂಬುಲೆನ್ಸ್ ಇರಲಿಲ್ಲ. ಅದು ಬಂದದ್ದು 2008ರ ನವೆಂಬರ್ 1ಕ್ಕೆ. ನಮ್ಮ ಕೈಯಲ್ಲಿ ಇದ್ದದ್ದು ಹಾರೆ, ಹ್ಯಾಕ್ಸಾ ಬ್ಲೇಡು, ಇನ್ನೊಂದು ಲಾರಿಗೆ ಕಟ್ಟಿ ಎಳೆಯಲು ಸರಪಳಿ. ಸೊಂಟದಿಂದ ಕೆಳಗೆ ಪೂರ್ತಿ ಅಮುಕಿಹೋಗಿತ್ತು. ಆದರೂ ಮಾತಾಡುತ್ತಿದ್ದ. ಟಾರ್ಪಾಲು ಹರಿದಿದೆಯಾ, ಲೋಡು ನೆನೆಯಿತಾ, ಸಾಹುಕಾರರು ಬೈಯುತ್ತಾರೆ ಅಂತ. ಬೆಳಗಿನ ಜಾವ ಬಿಡಿಸಿದೆವು. ಎಲ್ಲರಿಗೂ ಖುಷಿ. ಪೊಲೀಸ್ ಜೀಪಿನಲ್ಲಿ ಮಲಗಿಸಿದೆವು. ಸಕಲೇಶಪುರ ಮುಟ್ಟುವ ಮೊದಲೇ ಹೋಗಿಬಿಟ್ಟ.

ಗಂಟೆಗಟ್ಟಲೆ ಅಮುಕಿಕೊಂಡಿದ್ದ ಕಾಲನ್ನು ತಟ್ಟನೆ ಬಿಡಿಸಿದರೆ ಮಾಂಸಖಂಡದಲ್ಲಿ ಸೇರಿದ ವಿಷವೆಲ್ಲ ರಕ್ತಕ್ಕೆ ನುಗ್ಗಿ ಎದೆಬಡಿತ ನಿಲ್ಲಿಸಬಹುದು ಅಂತ ಎಷ್ಟೋ ವರ್ಷ ಆದ ಮೇಲೆ ಒಂದು ತರಬೇತಿಯಲ್ಲಿ ಕೇಳಿದೆ. ಬಿಡಿಸುವ ಮೊದಲೇ ಡ್ರಿಪ್ ಹಾಕಬೇಕಂತೆ. ಅವತ್ತು ನಮ್ಮ ಜೊತೆ ನಿನ್ನಂಥ ಒಬ್ಬಳು ಇರಬೇಕಿತ್ತು. ಈಗಲೂ ಘಾಟಿ ಇಳಿಯುವಾಗ ಅದೇ ಯೋಚನೆ ಬರುತ್ತದೆ.

ಅದಕ್ಕೇ ಹೇಳುತ್ತೇನೆ, ಫೈರ್‌ನವರು ಕಟ್ಟರ್ ಹಿಡಿದು ಅವಸರ ಮಾಡಿದರೂ "ಒಂದು ನಿಮಿಷ ಅಣ್ಣಾ, ಡ್ರಿಪ್ ಹಾಕ್ತೀನಿ" ಅಂತ ಗಟ್ಟಿಯಾಗಿ ಹೇಳು. ಸಂಕೋಚ ಬೇಡ. ನಿನ್ನ ಕಣ್ಣಿಗೆ ಬಿದ್ದದ್ದು ಅವರಿಗೆ ಕಾಣುವುದಿಲ್ಲ. ಅವರು "ಸಿಸ್ಟರ್, ದೂರ ನಿಲ್ಲಿ" ಅಂದರೆ ನೀನೂ ನಿಲ್ಲು. 2013ರಲ್ಲಿ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಪಲ್ಟಿಯಾಗಿ ರಸ್ತೆ ಪಕ್ಕದ ಮನೆಗಳೂ ಸುಟ್ಟವು. ನೀನಾಗ ಸ್ಕೂಲಿಗೆ ಹೋಗುತ್ತಿದ್ದೆ. ಟ್ಯಾಂಕರ್ ಅಂತ ಕೇಳಿದ ಕೂಡಲೇ ಗಾಡಿಯನ್ನು ಗಾಳಿ ಬರುವ ಕಡೆ, ದೂರದಲ್ಲೇ ನಿಲ್ಲಿಸಲು ನಿಮ್ಮ ಪೈಲಟ್‌ಗೆ, ಅದೇ ಆಂಬುಲೆನ್ಸ್ ಡ್ರೈವರ್‌ಗೆ, ಹೇಳು. ಒಳಗಿನಿಂದ ಯಾರೋ ಕೂಗುತ್ತಿರುತ್ತಾರೆ, ಕಾಲು ನಿಲ್ಲುವುದಿಲ್ಲ. ಆದರೂ ಕಾಯಬೇಕು. ಇಷ್ಟು ದೂರ ಕೂತು ಹೇಳುವುದು ಸುಲಭ, ಕ್ಷಮಿಸು.

ಮತ್ತೆ ಆ ಹುಡುಗನ ವಿಷಯ. ನೀನು ಆ ಹೆಂಗಸಿನ ಹಿಂದಿನ ಸೀಟಿಗೆ ನುಗ್ಗಿ ಕೂತು, ಎರಡೂ ಕೈಯಿಂದ ತಲೆ ಅಲುಗದಂತೆ ಹಿಡಿದುಕೊಂಡಿದ್ದೆ ಅಂತ ಬರೆದಿದ್ದೀಯ. ಗಾಜಿನ ಚೂರು ಬೀಳದಂತೆ ನಿಮ್ಮಿಬ್ಬರ ಮೇಲೂ ಕಂಬಳಿ ಹೊದಿಸಿ, ಹೊರಗೆ ಅವರು ಕಾರಿನ ಮೇಲ್ಛಾವಣಿ ಕತ್ತರಿಸುತ್ತಿದ್ದರು. ಆಗ ನೀನು ಕೈ ಬಿಟ್ಟಿದ್ದರೆ ಆಕೆಯ ಕತ್ತು ಏನಾಗುತ್ತಿತ್ತು? ಅಷ್ಟು ಹೊತ್ತೂ ನಿನಗೆ ಬೇರೆ ಕೈ ಇರಲಿಲ್ಲ. ಹುಡುಗನನ್ನು ನೋಡಲು ಬೇರೆಯವರು ಬೇಕಿತ್ತು. ಬೇರೆಯವರು ಅಲ್ಲೇ ನಿಂತಿದ್ದರು, ಮೊಬೈಲ್ ಹಿಡಿದುಕೊಂಡು.

ಇನ್ನು ಮೇಲೆ ಅವರಲ್ಲೊಬ್ಬರನ್ನು ಕೈ ಹಿಡಿದು ಕೂರಿಸು. ಗುಂಪಿಗೆ ಹೇಳಬೇಡ, ಯಾರೂ ಬರುವುದಿಲ್ಲ. "ನೀಲಿ ಶರ್ಟಿನವರೇ, ಬನ್ನಿ, ಈ ಬಟ್ಟೆ ಒತ್ತಿ ಹಿಡೀರಿ, ಅವನ ಜೊತೆ ಮಾತಾಡ್ತಾ ಇರಿ" ಅನ್ನು. ಕೇಸು ಗೀಸು ಅಂತ ಹಿಂಜರಿದರೆ ಅದೇನೂ ಆಗುವುದಿಲ್ಲ ಅನ್ನು. ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೇ ಅದು ಸೇರಿದೆ. ಒಳ್ಳೆ ಮನಸ್ಸಿನಿಂದ ನೆರವಾದವರನ್ನು ಯಾರೂ ಪೀಡಿಸುವ ಹಾಗಿಲ್ಲ. ನಮ್ಮ ಕಾಲದಲ್ಲಿ ಜನ ಹೆದರಿ ದೂರ ಹೋಗುತ್ತಿದ್ದರು, ಅವರನ್ನು ಬೈಯಲೂ ಆಗುತ್ತಿರಲಿಲ್ಲ.

ತೋಳು ಬಿಡಿಸಿಕೊಳ್ಳುವಾಗ "ನಿನ್ನ ಜೊತೆ ಇವರು ಇರ್ತಾರೆ ಕಣೋ" ಅಂತ ಅವನ ಮುಖ ನೋಡಿ ಹೇಳು. ಅದಕ್ಕೆ ಎಷ್ಟು ಹೊತ್ತು ಬೇಕು? ನಿನಗೂ ಆಮೇಲೆ ನಿದ್ದೆ ಬಂದೀತು.

ಇನ್ನೊಂದು. ಅವನಿಗೆ ಏನಾಯಿತು ಅಂತ ತಿಳಿಯದೆ ಕೊರಗುತ್ತಿದ್ದೀಯ. ತಿಳಿದುಕೋ. ಸೇರಿಸಿದ ಆಸ್ಪತ್ರೆಯಲ್ಲಿ ಪೊಲೀಸ್ ಔಟ್‌ಪೋಸ್ಟ್ ಇದ್ದರೆ ಅಲ್ಲಿ ಕೇಳು, ಇಲ್ಲದಿದ್ದರೆ ಎಮರ್ಜೆನ್ಸಿಯ ಸಿಸ್ಟರನ್ನು ಕೇಳು. ನಿನ್ನ ಪೈಲಟ್‌ನೂ ಜೊತೆಗೆ ಕರೆದುಕೊಂಡು ಹೋಗು, ಅವನೂ ಅವತ್ತು ಅಲ್ಲೇ ಇದ್ದನಲ್ಲ. ಒಳ್ಳೆ ಸುದ್ದಿಯೇ ಸಿಗುತ್ತದೆ ಅಂತ ನಾನು ಹೇಳಲಾರೆ. ಏನೇ ಇದ್ದರೂ ಆಸ್ಪತ್ರೆ ಗೇಟಿನಿಂದಲೇ ನನಗೆ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ.

ನಿನ್ನ
ದೊಡ್ಡಮಾವ