ಅರ್ಧ ಶಟರ್ ಎಳೆದಿದ್ದ ಅಂಗಡಿಯವರಿಗೆ

ಮೊನ್ನೆ ಶನಿವಾರ ರಾತ್ರಿ, ಶಿರಸಿ ಹಳೇ ಬಸ್ ಸ್ಟ್ಯಾಂಡ್ ಹತ್ತಿರ ನಿಮ್ಮ ಅಂಗಡಿಗೆ ಬಗ್ಗಿಕೊಂಡು ನುಗ್ಗಿದ ಮಾಸ್ತರು ನಾನೇ. ಹೊರಗೆ ಸ್ಕೂಟರ್ ಮೇಲೆ ಮಗಳು, ಅವಳ ತೊಡೆ ಮೇಲೆ ಶಾಲೆಯ ಹಳೇ ಪ್ರೊಜೆಕ್ಟರ್. ಸೋಮವಾರ ಏಳನೇ ಕ್ಲಾಸಿಗೆ ಹೃದಯ ಬಡಿಯುವ ವಿಡಿಯೋ ತೋರಿಸ್ತೀನಿ ಅಂತ ಮಾತು ಕೊಟ್ಟಿದ್ದೆ. ನನಗೆ ಈ ಹುಚ್ಚು ಸ್ವಲ್ಪ ಜಾಸ್ತಿ, ಬೇಕಾದರೆ ನನ್ನ ಹೆಂಡತಿಯನ್ನು ಕೇಳಿ.

ಪ್ರೊಜೆಕ್ಟರಿಗೆ ಇರುವುದು ವಿಜಿಎ ಅನ್ನೋ ಹಳೇ ಬಗೆಯ ವಿಡಿಯೋ ಸಾಕೆಟ್, ಹೊಸ ಲ್ಯಾಪ್‌ಟಾಪಿಗೆ ಎಚ್‌ಡಿಎಂಐ ಅನ್ನೋ ಹೊಸ ಬಗೆಯದು ಮಾತ್ರ. ಎಲ್ಲಿಂದಲೋ ತಂದ ಕೇಬಲ್ ಹಾಕಿದರೆ ಬರೀ ನೀಲಿ ಪರದೆ.

ನೀವು ಆಗಲೇ ಊಟದ ಡಬ್ಬಿ ಚೀಲಕ್ಕೆ ಹಾಕಿದ್ದಿರಿ. ಚೀಲ ಮತ್ತೆ ಕೆಳಗಿಟ್ಟಿರಿ. "ಸರ್, ಇದು ಸುಮ್ನೆ ತಂತಿ. ಲ್ಯಾಪ್‌ಟಾಪಿನ ಡಿಜಿಟಲ್ ಸಿಗ್ನಲ್ಲನ್ನು ಪ್ರೊಜೆಕ್ಟರಿಗೆ ಬೇಕಾದ ಅನಲಾಗ್ ಮಾಡೋಕೆ ಒಳಗೆ ಚಿಪ್ ಬೇಕು" ಅಂತ ಡ್ರಾಯರ್ ತಡಕಿ ಒಂದು ಪುಟ್ಟ ಕನ್ವರ್ಟರ್ ತೆಗೆದಿರಿ. ಗೋಡೆಯ ಕ್ಯಾಲೆಂಡರ್ ತಿರುಗಿಸಿ, ಅದರ ಬಿಳಿ ಬೆನ್ನಿನ ಮೇಲೆ ಚಿತ್ರ ಬಿಟ್ಟು ತೋರಿಸಿದಿರಿ. ವಿಜಿಎದಲ್ಲಿ ಶಬ್ದ ಹೋಗಲ್ಲ ಅಂತ ಸ್ಪೀಕರಿನ ವೈರನ್ನೂ ಹುಡುಕಿ ಕೊಟ್ಟಿರಿ. ಮಗಳ ಕೈಗೊಂದು ಶೇಂಗಾ ಚಿಕ್ಕಿ.

ಸೋಮವಾರ ಹಿಂದಿನ ಬೆಂಚಿನ ಹುಡುಗನೊಬ್ಬ ಎದೆ ಮೇಲೆ ಕೈಯಿಟ್ಟು, ಪರದೆ ನೋಡುತ್ತಾ ತನ್ನ ಬಡಿತ ಎಣಿಸುತ್ತಿದ್ದ. ನಿಮ್ಮ ಹೆಸರು ಕೇಳೋದೇ ಮರೆತುಬಿಟ್ಟೆ. ಥ್ಯಾಂಕ್ಸ್ ರೀ.