ದೋಣಿಯಲ್ಲಿ ಉಳಿದ ಜೆಬೆದಾಯ

ಕರ್ತನಲ್ಲಿ ಪ್ರಿಯಳಾದ ಮಗಳೇ,

ನಿನ್ನ ರಾಜೀನಾಮೆ ಪತ್ರ ಓದಿದೆ. ಎಲ್ಲಿಯೂ ಯಾರ ಮೇಲೂ ದೂರಿಲ್ಲ, ಅದು ಹಿಡಿಸಿತು. ನರ್ಸ್ ಕೆಲಸದಲ್ಲಿ ಈಗಷ್ಟೇ ನೆಲೆ ಕಂಡವಳು ಅರ್ಧ ಸಂಬಳದ ಮಿಷನ್ ಆಸ್ಪತ್ರೆಗೆ ಹೊರಟು ನಿಂತಿದ್ದೀಯ. ಮೊನ್ನೆ ರಾತ್ರಿಯ ಮಾತುಗಳನ್ನೆಲ್ಲ ಮತ್ತೆ ಬರೆಯುವುದಿಲ್ಲ. ನನ್ನ ದನಿ ಏರಿದ್ದಕ್ಕೆ ಕ್ಷಮಿಸು. ಪ್ರಶ್ನೆಯನ್ನು ಮಾತ್ರ ಬಿಟ್ಟುಕೊಡಲಾರೆ. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಹೇಳಿದವನು ಕರ್ತನಾದ ಯೇಸುವೇ. ನಿನ್ನ ಆ ಲೆಕ್ಕದಲ್ಲಿ ನಾನೂ ಅಮ್ಮನೂ ಇದ್ದೇವೆಯೇ?

‘ಯೇಸು ಶಿಷ್ಯರಾಗಲು ಕರೆದಾಗ ಮೀನುಗಾರ ಅಣ್ಣತಮ್ಮಂದಿರಾದ ಯಾಕೋಬ, ಯೋಹಾನರು ತಡಮಾಡಿದರೇ?’ ಎಂದು ನೀನು ಕೇಳಿದೆ. ಇಲ್ಲ. ಆದರೆ ಅಂದಿನಿಂದ ನನ್ನ ಕಣ್ಣಮುಂದೆ ನಿಂತಿರುವುದು ಅವರ ಅಪ್ಪ. ತನ್ನ ಸುವಾರ್ತೆಯಲ್ಲಿ ಮಾರ್ಕನು ಒಂದೇ ವಾಕ್ಯದಲ್ಲಿ ಮುಗಿಸುತ್ತಾನೆ: ತಂದೆ ಜೆಬೆದಾಯನನ್ನು ಕೂಲಿಯಾಳುಗಳ ಸಂಗಡ ದೋಣಿಯಲ್ಲಿ ಬಿಟ್ಟು ಹೋದರು. ಆಗಷ್ಟೇ ಬಲೆ ಸರಿಮಾಡುತ್ತಿದ್ದರು. ಕಣ್ಣಿ ಹರಿದ ಜಾಗ ಇನ್ನೂ ಹಾಗೆಯೇ ಇದ್ದಿರಬೇಕು, ಅದನ್ನು ಹಿಡಿದ ಮುದುಕನ ಕೈಯೂ. ಬೈದನೋ, ಹರಸಿದನೋ, ಮನೆಗೆ ಹೋಗಿ ಹೆಂಡತಿಗೆ ಏನೆಂದನೋ, ಒಂದು ಅಕ್ಷರವೂ ಇಲ್ಲ. ಅವಳಾದರೂ ಮುಂದೆ ಕಾಣಿಸುತ್ತಾಳೆ: ಮಕ್ಕಳಿಗೆ ಕರ್ತನ ಎಡಬಲದ ಸ್ಥಾನ ಕೇಳುತ್ತಾಳೆ, ಶಿಲುಬೆಯನ್ನು ದೂರದಿಂದ ನೋಡುತ್ತಿದ್ದ ಹೆಂಗಸರಲ್ಲಿಯೂ ಇರುತ್ತಾಳೆ. ಜೆಬೆದಾಯನ ಹೆಸರು ಮಕ್ಕಳನ್ನು ಗುರುತಿಸಲು ಬರುತ್ತದೆ, ಅಷ್ಟೇ. ಮುಂದೆ ಅರಸ ಹೆರೋದನು ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದಾಗ ಆ ಅಪ್ಪ ಬದುಕಿದ್ದನೇ? ಬದುಕಿದ್ದರೆ ಯಾರು ಹೇಳಿದರು?

ಹಿಟ್ಲರನನ್ನು ವಿರೋಧಿಸಿದ ಜರ್ಮನ್ ಪಾದ್ರಿ ಬಾನ್‌ಹಾಫರರ ಉದಾಹರಣೆಯನ್ನೂ ನೀನು ಕೊಟ್ಟೆ. 1939ರಲ್ಲಿ ಅಮೆರಿಕದಲ್ಲಿ ಸುರಕ್ಷಿತವಾಗಿದ್ದವರು ಕೆಲವೇ ವಾರಗಳಲ್ಲಿ ಜರ್ಮನಿಗೆ ಮರಳಿದರು ಎಂದೆ. ಹೌದು. 1945ರ ಏಪ್ರಿಲ್ 9ರಂದು ನಾತ್ಸಿಗಳು ಅವರನ್ನು ಗಲ್ಲಿಗೇರಿಸಿದರು. ಜುಲೈನಲ್ಲಿ ಲಂಡನ್ನಿನಲ್ಲಿ ಅವರ ಸ್ಮರಣೆಯ ಆರಾಧನೆ ನಡೆಯಿತು. ವಯಸ್ಸಾದ ತಂದೆತಾಯಿ ಬರ್ಲಿನ್ನಿನಲ್ಲಿ ಕುಳಿತು ಅದನ್ನು ರೇಡಿಯೋದಲ್ಲಿ ಕೇಳಿದರು. ನೀನು ಮಗನ ವಿಷಯ ಹೇಳುತ್ತಿದ್ದಾಗ ನನಗೆ ಆ ರೇಡಿಯೋ ಕೇಳುತ್ತಿತ್ತು. ನೀನು ಹೋಗುತ್ತಿರುವುದು ಆಸ್ಪತ್ರೆಗೆ, ಸೆರೆಮನೆಗಲ್ಲ, ಗೊತ್ತು. ಆದರೂ ಹೆದರಿಕೆ ಲೆಕ್ಕ ನೋಡಿ ಬರುವುದಿಲ್ಲ.

ನೀನು ಹೊರಟಿರುವುದು ನನಗೆ ಹೆಮ್ಮೆ. ಸುಮ್ಮನೆ ಹೇಳುವ ಮಾತಲ್ಲ.

ಆದರೆ ಶಿಷ್ಯತ್ವವೆಂದರೆ ಬಿಟ್ಟುಹೋಗುವುದೇ ಎಂದು ತಿಳಿಯಬೇಡ. ಬಿಡುವುದು ಒಂದು ದಿನದಲ್ಲಿ ಮುಗಿಯುತ್ತದೆ. ದಿನದಿನವೂ ಶಿಲುಬೆ ಹೊರಬೇಕೆಂದು ಲೂಕನ ಸುವಾರ್ತೆಯಲ್ಲಿ ಕರ್ತನು ಹೇಳುತ್ತಾನೆ. ರಾತ್ರಿ ಪಾಳಿಯಲ್ಲಿ ಬಾಯಿಗೆ ಬಂದಂತೆ ಬೈಯುವ ರೋಗಿಯ ಹಾಸಿಗೆ ಬಟ್ಟೆಯನ್ನು ಮೂರನೆಯ ಸಲ ಬದಲಿಸುವಾಗ ನಿನ್ನ ತ್ಯಾಗವನ್ನು ಯಾರೂ ಹೊಗಳುವುದಿಲ್ಲ. ಕೆಲಸ ಬಿಟ್ಟ ಕಥೆಯನ್ನು ಸಭೆಯಲ್ಲಿ ಮತ್ತೆ ಮತ್ತೆ ಸಾಕ್ಷಿಯಾಗಿ ಹೇಳಬೇಡ. ದಣಿದಾಗ ಮಲಗು, ಸ್ವಲ್ಪ ದಣುವಾರಿಸಿಕೊಳ್ಳಿರಿ ಎಂದು ಕರ್ತನೇ ಶಿಷ್ಯರಿಗೆ ಹೇಳಿದ್ದಾನೆ. ಸೋತೆ ಅನ್ನಿಸಿದರೆ ಪೇತ್ರನನ್ನು ನೆನೆ. ಕರ್ತನನ್ನು ಅರಿಯೆನೆಂದು ಮೂರು ಸಲ ಅಲ್ಲಗಳೆದ ಆ ಶಿಷ್ಯನಿಗೆ, ಮೊದಲ ಕರೆ ಬಂದಿದ್ದ ಅದೇ ಸರೋವರದ ದಡದಲ್ಲಿ ‘ನನ್ನನ್ನು ಹಿಂಬಾಲಿಸು’ ಎಂಬ ಕರೆ ಮತ್ತೆ ಬಂತು. ಉಪದೇಶ ಉದ್ದವಾಯಿತು, ಆದರೂ ಓದು.

ದೇವರಿಗೆ ಅರ್ಪಿಸಿದೆ ಎಂದು ಹೇಳಿ ಹೆತ್ತವರನ್ನು ಕೈಬಿಡುವವರನ್ನು ಕರ್ತನು ಗದರಿಸಿದ್ದನ್ನೂ, ಶಿಲುಬೆಯ ಮೇಲಿಂದ ತನ್ನ ತಾಯಿಯನ್ನು ಪ್ರಿಯ ಶಿಷ್ಯನಿಗೆ ಒಪ್ಪಿಸಿದ್ದನ್ನೂ ಬಲ್ಲೆ. ಆ ವಚನಗಳಿಂದ ನಿನ್ನನ್ನು ಕಟ್ಟಿಹಾಕಲಾರೆ. ಅಮ್ಮನ ಮಂಡಿನೋವಿನ ನೆಪ ಹೇಳಿ ಕರೆಸುವುದಿಲ್ಲ. ನಿಜವಾಗಿಯೂ ನೋವು ಹೆಚ್ಚಾದರೆ ಮುಚ್ಚಿಡುವುದೂ ಇಲ್ಲ. ಬರುವುದೋ ಬಿಡುವುದೋ ಪ್ರಾರ್ಥಿಸಿ ನೀನೇ ತೀರ್ಮಾನಿಸು. ನಿನಗೆ ಜ್ವರ ಬಂದರೂ ಹಾಗೆಯೇ ತಿಳಿಸು, ವಾಸಿಯಾದ ಮೇಲಲ್ಲ.

ನಿನ್ನ ಅಪ್ಪ